ಹೋಗಲಾಗದ ಕಾರ್ಯಕ್ರಮದ ಟಿಕೆಟ್: ಮಾರುವ ದಾರಿಗಳಲ್ಲಿ ಯಾವುದು ಕ್ಷೇಮ

ಮುಂಬೈಯಲ್ಲಿ ದೊಡ್ಡ ಸಂಗೀತ ಕಾರ್ಯಕ್ರಮವೊಂದಕ್ಕೆ ಟಿಕೆಟ್ ಗಿಟ್ಟಿಸುವುದು ಎಷ್ಟು ಕಷ್ಟವೋ, ಹೋಗಲಾಗದೆ ಉಳಿದ ಟಿಕೆಟನ್ನು ಮೋಸಕ್ಕೆ ಸಿಲುಕದೆ ಇನ್ನೊಬ್ಬರಿಗೆ ದಾಟಿಸುವುದೂ ಹೆಚ್ಚುಕಡಿಮೆ ಅಷ್ಟೇ ಕಷ್ಟ. ಟಿಕೆಟ್‌ಗಳ ಮಾರಾಟ ಕಾರ್ಯಕ್ರಮಕ್ಕಿಂತ ಮೂರು ನಾಲ್ಕು ತಿಂಗಳು ಮೊದಲೇ ಮುಗಿದುಹೋಗಿರುತ್ತದೆ. ಅಷ್ಟರೊಳಗೆ ಊರಿನಲ್ಲಿ ಮದುವೆಯೊಂದು ನಿಶ್ಚಯವಾಗುತ್ತದೆ, ಕಚೇರಿಯಲ್ಲಿ ರಜೆ ರದ್ದಾಗುತ್ತದೆ, ಮಕ್ಕಳ ಪರೀಕ್ಷೆಯ ದಿನಾಂಕ ಹಿಂದೆಮುಂದಾಗುತ್ತದೆ. ನನ್ನ ಪಾಲಿಗೆ ಬಂದದ್ದು ಕುಂದಾಪುರದಲ್ಲಿ ಅಕ್ಕನ ಮೊಮ್ಮಗಳ ನಾಮಕರಣ. ಅದೇ ಶನಿವಾರಕ್ಕೆ ನವಿ ಮುಂಬೈಯ ನೆರೂಳಿನ ಡಿ.ವೈ. ಪಾಟೀಲ ಕ್ರೀಡಾಂಗಣದ ಎರಡು ಟಿಕೆಟ್‌ಗಳು ನನ್ನ ಫೋನಿನಲ್ಲಿ ಕುಳಿತಿದ್ದವು. ಅವನ್ನು ಮಾರಲು ಎರಡು ಮೂರು ದಾರಿ ಹಿಡಿದು ನೋಡಿದೆ. ಆಗ ಕಂಡದ್ದನ್ನೂ ಆಮೇಲೆ ತಿಳಿದುಕೊಂಡದ್ದನ್ನೂ ಸೇರಿಸಿ, ಅದೇ ಇಕ್ಕಟ್ಟಿನಲ್ಲಿರುವವರಿಗೆ ಅನುಕೂಲವಾಗಲೆಂದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮಾರಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಎಲ್ಲಿ ಹೆಚ್ಚು ಹಣ ಸಿಗುತ್ತದೆ ಎಂಬುದು. ಅದನ್ನು ಎರಡನೆಯದಾಗಿ ಕೇಳಿದರೆ ಸಾಕು. ನಾನು ಮಾರಿದ ಮೇಲೆ ನನ್ನ ಹತ್ತಿರವಿರುವ ಟಿಕೆಟ್ ರದ್ದಾಗಿ, ಕೊಂಡವರ ಖಾತೆಯಲ್ಲಿ ಹೊಸದೊಂದು ಹುಟ್ಟುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಹುಟ್ಟುವುದಾದರೆ ಇಬ್ಬರೂ ನೆಮ್ಮದಿಯಾಗಿರಬಹುದು. ಇಲ್ಲವಾದರೆ, ಆ ಕ್ಯೂಆರ್ ಕೋಡನ್ನು ನಾನು ಒಬ್ಬರಿಗೆ ಮಾರಿದೆನೋ ಐವರಿಗೆ ಮಾರಿದೆನೋ ಎಂಬುದು ಗೇಟಿನಲ್ಲಿ ಸ್ಕ್ಯಾನ್ ಆಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ಬಂದವರು ಒಳಗೆ, ಉಳಿದವರು ಹೊರಗೆ. ಕೊಳ್ಳುವವರ ಮನಸ್ಸಿನಲ್ಲಿರುವ ಈ ಅನುಮಾನವೇ ಮಾರುವವರ ತಲೆನೋವಿನ ಮೂಲ. ಅನುಮಾನವಿರುವ ಕಡೆ ಒಳ್ಳೆಯ ಗಿರಾಕಿ ಹಿಂದೆ ಸರಿಯುತ್ತಾನೆ. ಚೌಕಾಸಿಯನ್ನೂ ಮಾಡದೆ ಮುಂದೆ ಬರುವವನು ಹೆಚ್ಚಿನ ಸಲ ಮೋಸಗಾರನೇ ಆಗಿರುತ್ತಾನೆ.

ಟಿಕೆಟ್ ಯಾವ ಬಗೆಯದು

ಬರಿಯ ಕ್ಯೂಆರ್ ಕೋಡಿನ ಟಿಕೆಟ್, ಕೊರಿಯರ್‌ನಲ್ಲಿ ಮನೆಗೆ ಬಂದ ಕಾಗದದ ಟಿಕೆಟ್, ಕೈಗೆ ಕಟ್ಟಿಕೊಳ್ಳುವ ಬ್ಯಾಂಡ್, ಕೊಂಡವರ ಗುರುತಿನ ಚೀಟಿ ತೋರಿಸಿದರೆ ಮಾತ್ರ ನಡೆಯುವ ಟಿಕೆಟ್, ಇವು ನಾಲ್ಕೂ ಬೇರೆ ಬೇರೆ ಸರಕುಗಳು. ಕೊನೆಯ ಬಗೆಯದನ್ನು ಮಾರುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ತಮ್ಮ ಆಧಾರ್ ಪ್ರತಿಯನ್ನು ಅಪರಿಚಿತರಿಗೆ ಕಳಿಸಿ ‘ಇದನ್ನು ತೋರಿಸಿ ಒಳಗೆ ಹೋಗಿ’ ಎನ್ನುವವರನ್ನು ನಾನು ಕಂಡಿದ್ದೇನೆ. ಏಳೆಂಟು ಸಾವಿರ ರೂಪಾಯಿಯ ಟಿಕೆಟಿಗಾಗಿ ಹೆಸರು, ಹುಟ್ಟಿದ ದಿನಾಂಕ, ವಿಳಾಸಗಳನ್ನೆಲ್ಲ ಅಡವಿಡುವ ಆ ಧೈರ್ಯ ನನಗೆ ಅರ್ಥವಾಗಿಲ್ಲ.

ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ 2023ರಿಂದ ನಡೆಯುತ್ತಿರುವ ಲೊಲಾಪಲೂಜಾದಂಥ ಎರಡು ದಿನಗಳ ಉತ್ಸವಗಳಲ್ಲಿ ಕೈಪಟ್ಟಿಯೇ ಟಿಕೆಟ್. ಒಮ್ಮೆ ಮಣಿಕಟ್ಟಿಗೆ ಬಿಗಿದುಕೊಂಡರೆ ಅದನ್ನು ಕತ್ತರಿಸದೆ ತೆಗೆಯಲಾಗುವುದಿಲ್ಲ, ಕತ್ತರಿಸಿದ್ದು ಗೇಟಿನಲ್ಲಿ ನಡೆಯುವುದಿಲ್ಲ. ಮೊದಲ ದಿನ ತಾವು ಹೋಗಿ ಎರಡನೆಯ ದಿನದ್ದನ್ನು ಮಾರುವ ಲೆಕ್ಕಾಚಾರ ಇಲ್ಲಿಯೇ ಮುರಿದುಬೀಳುತ್ತದೆ. ವಯಸ್ಸಿನ ಮಿತಿಯನ್ನೂ ನೋಡಿಕೊಳ್ಳಬೇಕು: ಕೊಂಡ ಹುಡುಗನಿಗೆ ಗೇಟಿನಲ್ಲಿ ಪ್ರವೇಶ ಸಿಗದಿದ್ದರೆ ಅವನು ಮೊದಲು ಫೋನ್ ಮಾಡುವುದು ನಿಮಗೆ.

ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ಮಾತು ಬೇರೆ. ಗದುಗಿನ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುಗಳ ನೆನಪಿಗಾಗಿ 1953ರಲ್ಲಿ ಆರಂಭಿಸಿದ ಈ ಉತ್ಸವಕ್ಕೆ ಸೀಸನ್ ಟಿಕೆಟ್ ಕೊಳ್ಳುವವರು ಬಹಳ. ಅಲ್ಲಿ ಒಂದು ದಿನ ಹೋಗಲಾಗದವರು ಆನ್‌ಲೈನ್ ಮಾರಾಟದ ಗೋಜಿಗೆ ಹೋಗುವುದಕ್ಕಿಂತ, ಸಂಗೀತ ಕೇಳುವ ನೆರೆಯವರಿಗೋ ನೆಂಟರಿಗೋ ಕೈಯಿಂದ ಕೈಗೆ ಕೊಡುವುದು ಸುಲಭ.

ಕಾನೂನಿನ ಮಾತು

‘ಟಿಕೆಟ್ ಮಾರಿದರೆ ಪೊಲೀಸರು ಹಿಡಿಯುತ್ತಾರೆಯೇ?’ ಎಂಬ ಭಯ 2024ರ ಸೆಪ್ಟೆಂಬರ್ ನಂತರ ಹೆಚ್ಚಾಗಿದೆ. ಆ ತಿಂಗಳ 22ರಂದು ಬ್ರಿಟನ್ನಿನ ಕೋಲ್ಡ್‌ಪ್ಲೇ ರಾಕ್ ತಂಡದ ನೆರೂಳಿನ ಕಾರ್ಯಕ್ರಮಗಳಿಗೆ ಬುಕ್‌ಮೈಶೋದಲ್ಲಿ 2,500ರಿಂದ 35,000 ರೂಪಾಯಿವರೆಗಿನ ಟಿಕೆಟ್‌ಗಳು ಮಾರಾಟಕ್ಕೆ ಬಂದವು. ನೋಡನೋಡುತ್ತಿದ್ದಂತೆ ಅವು ಮರುಮಾರಾಟದ ಜಾಲತಾಣಗಳಲ್ಲಿ ಲಕ್ಷಗಳ ಬೆಲೆಗೆ ಕಾಣಿಸಿಕೊಂಡವು. ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ವಿಚಾರಣೆ ನಡೆಸಿತು, ಜಾರಿ ನಿರ್ದೇಶನಾಲಯ ಹಲವು ನಗರಗಳಲ್ಲಿ ಶೋಧ ನಡೆಸಿತು. ಆನ್‌ಲೈನ್ ಕಾಳಸಂತೆಯ ವಿರುದ್ಧ ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಹೋಯಿತು. ನಿಯಮ ರೂಪಿಸುವುದು ಶಾಸಕಾಂಗ ಮತ್ತು ಸರ್ಕಾರದ ಕೆಲಸವೆಂದು ನ್ಯಾಯಾಲಯ 2025ರ ಜನವರಿಯಲ್ಲಿ ಅದನ್ನು ವಜಾ ಮಾಡಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೆಯ ಕಲಮು, ಗುಂಪು ಕಟ್ಟಿಕೊಂಡು ಅನಧಿಕೃತವಾಗಿ ಟಿಕೆಟ್ ಮಾರುವುದನ್ನು ಸಣ್ಣ ಸಂಘಟಿತ ಅಪರಾಧಗಳ ಸಾಲಿಗೆ ಸೇರಿಸಿದೆ. ಅದಕ್ಕೆ ಒಂದರಿಂದ ಏಳು ವರ್ಷದವರೆಗೆ ಸಜೆಯಾಗಬಹುದು. ಅದಕ್ಕೂ ಮೊದಲು, 2023ರ ನವೆಂಬರ್ 15ರಂದು ವಾಂಖೆಡೆಯಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್ಲಿನ ಟಿಕೆಟ್‌ಗಳನ್ನು ಹಲವು ಪಟ್ಟು ಬೆಲೆಗೆ ಮಾರುತ್ತಿದ್ದ ಆರೋಪದ ಮೇಲೆ ಮುಂಬೈಯಲ್ಲಿ ಬಂಧನವಾಗಿತ್ತು. ಹೋಗಲಾಗದ ಕಾರಣಕ್ಕೆ ತನ್ನ ಒಂದೆರಡು ಟಿಕೆಟ್‌ಗಳನ್ನು ಕೊಂಡ ಬೆಲೆಗೆ ಬಿಟ್ಟುಕೊಡುವವನಿಗೂ, ಐವತ್ತು ಟಿಕೆಟ್ ಕೂಡಿಟ್ಟು ಹತ್ತು ಪಟ್ಟಿಗೆ ಮಾರುವವನಿಗೂ ವ್ಯತ್ಯಾಸ ಸ್ಪಷ್ಟವಿದೆ. ಆದರೂ ಬಹುತೇಕ ಟಿಕೆಟ್‌ಗಳ ಷರತ್ತುಗಳಲ್ಲಿ ‘ಮರುಮಾರಾಟ ನಿಷಿದ್ಧ, ಕಂಡುಬಂದರೆ ಟಿಕೆಟ್ ರದ್ದು’ ಎಂಬ ಸಾಲು ಇದ್ದೇ ಇರುತ್ತದೆ. ಮುಖಬೆಲೆಗಿಂತ ಮೇಲೆ ಹೋದಷ್ಟೂ ಆ ಸಾಲು ನಿಮ್ಮ ಮೇಲೆ ಬೀಳುವ ಸಾಧ್ಯತೆ ಹೆಚ್ಚುತ್ತದೆ.

ದಾರಿಗಳು ಮತ್ತು ಅವುಗಳ ಗುಣದೋಷ

ಎಲ್ಲಕ್ಕಿಂತ ಮೊದಲು ಆಯೋಜಕರಿಂದಲೇ ಹಣ ವಾಪಸಾಗುತ್ತದೆಯೇ ಎಂದು ನೋಡಬೇಕು. ಸಿನಿಮಾ ಟಿಕೆಟ್ ಆದರೆ ಅನೇಕ ಚಿತ್ರಮಂದಿರಗಳಲ್ಲಿ ಆಟಕ್ಕೆ ಮುಂಚೆ ರದ್ದು ಮಾಡಿ ಒಂದು ಭಾಗ ಪಡೆಯಬಹುದು. ಅದಕ್ಕಾಗಿ ಗಿರಾಕಿ ಹುಡುಕುವುದು ವ್ಯರ್ಥ ಶ್ರಮ. ಸಂಗೀತ ಕಾರ್ಯಕ್ರಮಗಳಿಗೆ ಈ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲವಾದರೂ, ದಿನಾಂಕವೋ ಸ್ಥಳವೋ ಬದಲಾದಾಗ ಮರುಪಾವತಿಯ ಕಿಟಕಿಯೊಂದು ಕೆಲವು ದಿನಗಳ ಮಟ್ಟಿಗೆ ತೆರೆಯುವುದುಂಟು. ಸ್ಥಳ ಬದಲಾಗುವುದು ಅಪರೂಪವೇನೂ ಅಲ್ಲ. 2007ರಲ್ಲಿ ಗೋವಾದ ಕಾಂದೋಳಿಯಲ್ಲಿ ಆರಂಭವಾದ ಸನ್‌ಬರ್ನ್ ಸಂಗೀತ ಉತ್ಸವ 2016ರಲ್ಲಿ ಪುಣೆಗೆ ಹೋಗಿ, ಮತ್ತೆ ಗೋವಾಕ್ಕೆ ಮರಳಿ, 2025ರ ಡಿಸೆಂಬರ್‌ನಲ್ಲಿ ಮುಂಬೈಗೆ ಬಂತು. ಆದ್ದರಿಂದ ಆಯೋಜಕರ ಇಮೇಲ್‌ಗಳನ್ನು ಜಾಹೀರಾತೆಂದು ತಳ್ಳಿಹಾಕದೆ ಓದಬೇಕು.

ಎರಡನೆಯ ದಾರಿ, ಟಿಕೆಟ್ ಕೊಂಡ ಆ್ಯಪ್‌ನಲ್ಲಿಯೇ ಮಾರುವುದು. ಈ ಸೌಲಭ್ಯವಿದ್ದರೆ ನನ್ನ ಮತ ನಿಸ್ಸಂಶಯವಾಗಿ ಇದಕ್ಕೇ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಜೊಮ್ಯಾಟೊ ಇದನ್ನು ಆರಂಭಿಸಿತು. ಅದೇ ವರ್ಷದ ನವೆಂಬರ್ 30ರಂದು ಬಾಂದ್ರಾ-ಕುರ್ಲಾ ಸಂಕೀರ್ಣದ ಎಂಎಂಆರ್‌ಡಿಎ ಮೈದಾನದಲ್ಲಿ ದುವಾ ಲಿಪಾ ಹಾಡಿದ ಕಾರ್ಯಕ್ರಮದ ಟಿಕೆಟ್‌ಗಳಿಗೆ ಅದು ಮೊದಲು ಅನ್ವಯವಾಯಿತು. ಆಮೇಲೆ ಕಂಪನಿಯ ಟಿಕೆಟ್ ವ್ಯವಹಾರವೆಲ್ಲ ಡಿಸ್ಟ್ರಿಕ್ಟ್ ಆ್ಯಪ್‌ಗೆ ಬಂತು. ಮಾರುವವರು ಬೆಲೆ ಹಾಕಿ ಟಿಕೆಟನ್ನು ಪಟ್ಟಿಗೆ ಸೇರಿಸುತ್ತಾರೆ. ಬೆಲೆಗೆ ಮೇಲ್ಮಿತಿ ಇರುತ್ತದೆ. ಯಾರಾದರೂ ಕೊಂಡ ಕೂಡಲೇ ಹಳೆಯ ಟಿಕೆಟ್ ರದ್ದಾಗಿ ಕೊಂಡವರಿಗೆ ಹೊಸ ಟಿಕೆಟ್ ಸಿಗುತ್ತದೆ. ಶುಲ್ಕ ಮತ್ತು ತೆರಿಗೆ ಕಳೆದು ಉಳಿದ ಹಣ ಮಾರಿದವರಿಗೆ. ಹಳೆಯದು ರದ್ದಾಗಿ ಹೊಸದು ಹುಟ್ಟುತ್ತದೆಯೇ ಎಂದು ನಾನು ಮೇಲೆ ಕೇಳಿದ ಪ್ರಶ್ನೆಗೆ ‘ಹೌದು’ ಎಂದು, ಹಣವನ್ನೂ ತಾನೇ ವಸೂಲು ಮಾಡಿಕೊಡುವ ದಾರಿ ಇದು. ಗಿರಾಕಿಯ ಮುಖವನ್ನೂ ನೋಡಬೇಕಿಲ್ಲ, ಫೋನ್ ನಂಬರನ್ನೂ ಕೊಡಬೇಕಿಲ್ಲ. ತೊಂದರೆಯೆಂದರೆ ಎಲ್ಲ ಕಾರ್ಯಕ್ರಮಗಳಿಗೂ ಈ ಸೌಲಭ್ಯ ಇರುವುದಿಲ್ಲ, ಪಟ್ಟಿಗೆ ಸೇರಿಸಿದ್ದೆಲ್ಲ ಮಾರಾಟವಾಗುವುದೂ ಇಲ್ಲ. ಶುಲ್ಕ ಎಷ್ಟು, ಹಣ ಯಾವಾಗ ಕೈಸೇರುತ್ತದೆ ಎಂಬ ಎರಡು ಸಾಲುಗಳನ್ನು ಪಟ್ಟಿಗೆ ಹಾಕುವ ಮೊದಲೇ ಓದಿಕೊಳ್ಳಿ.

ಇದನ್ನೇ ಹೋಲುವ, ಆದರೆ ಇದಲ್ಲದ ಇನ್ನೊಂದು ಸೌಲಭ್ಯವಿದೆ: ಟಿಕೆಟ್ ವರ್ಗಾವಣೆ. ಕೆಲವು ಕಾರ್ಯಕ್ರಮಗಳಲ್ಲಿ ಟಿಕೆಟನ್ನು ಇನ್ನೊಬ್ಬರ ಮೊಬೈಲ್ ನಂಬರಿಗೆ ಆ್ಯಪ್ ಮೂಲಕವೇ ದಾಟಿಸಬಹುದು. ಟಿಕೆಟಿನ ಮಟ್ಟಿಗೆ ಇದು ಭದ್ರ. ಹಣದ ಮಟ್ಟಿಗೆ ಆ್ಯಪ್‌ಗೆ ಸಂಬಂಧವಿಲ್ಲ. ಅದನ್ನು ನೀವೇ ವಸೂಲು ಮಾಡಿಕೊಳ್ಳಬೇಕು. ಪರಿಚಿತರಿಗೆ ಮಾರುವಾಗ ಇದಕ್ಕಿಂತ ಒಳ್ಳೆಯದು ಇಲ್ಲ, ಅಪರಿಚಿತರಿಗಾದರೆ ಹಣ ಬಂದ ಮೇಲಷ್ಟೇ ಆ ಗುಂಡಿ ಒತ್ತಬೇಕು.

ವಿಯಾಗೋಗೊದಂಥ ವಿದೇಶಿ ಮರುಮಾರಾಟ ತಾಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೊಳ್ಳುವವರಿಂದಲೂ ಮಾರುವವರಿಂದಲೂ ಶುಲ್ಕ ಹಿಡಿಯುತ್ತವೆ, ಕಾರ್ಯಕ್ರಮ ಮುಗಿದ ಮೇಲೆ ಹಣ ಕೊಡುತ್ತವೆ, ಟಿಕೆಟ್ ಗೇಟಿನಲ್ಲಿ ನಡೆಯದಿದ್ದರೆ ಮಾರಿದವರ ಮೇಲೆ ಹಾಕುತ್ತವೆ. ಅಂಥ ತಾಣಗಳಿಗೂ ತನಗೂ ಯಾವ ಸಂಬಂಧವೂ ಇಲ್ಲವೆಂದು ಬುಕ್‌ಮೈಶೋ 2024ರಲ್ಲಿ ಬಹಿರಂಗವಾಗಿ ಹೇಳಿದೆ. ಅಲ್ಲಿ ಕಾಣುವ ಲಕ್ಷದ ಅಂಕಿಗಳು ಕೇಳಿದ ಬೆಲೆಯೇ ಹೊರತು ಸಿಕ್ಕ ಬೆಲೆಯಲ್ಲ ಎಂಬುದನ್ನು ಮರೆತು ಆಸೆ ಪಡುವವರು ಬಹಳ.

ಇನ್ನು ಇನ್‌ಸ್ಟಾಗ್ರಾಂ, ಟೆಲಿಗ್ರಾಂ ಗುಂಪುಗಳು, ಓಎಲ್‌ಎಕ್ಸ್. ಗಿರಾಕಿಗಳು ಅತಿ ಹೆಚ್ಚು ಇರುವುದೂ ಇಲ್ಲಿಯೇ, ಮೋಸ ಅತಿ ಹೆಚ್ಚು ನಡೆಯುವುದೂ ಇಲ್ಲಿಯೇ. ‘ಎರಡು ಟಿಕೆಟ್ ಇವೆ’ ಎಂದು ಹಾಕಿದ ಹತ್ತು ನಿಮಿಷದಲ್ಲಿ ನನಗೆ ಹನ್ನೊಂದು ಸಂದೇಶ ಬಂದವು. ಅವುಗಳಲ್ಲಿ ಒಂಬತ್ತು ಜನ ಟಿಕೆಟಿನ ಫೋಟೋ ಕೇಳಿದರು. ಕ್ಯೂಆರ್ ಕೋಡ್, ಬಾರ್‌ಕೋಡ್, ಬುಕಿಂಗ್ ಸಂಖ್ಯೆ ಈ ಮೂರೂ ಕಾಣದಂತೆ ಮುಚ್ಚಿದ ಫೋಟೋ ಮಾತ್ರ ಕಳಿಸಬೇಕು. ಮುಚ್ಚುವುದೆಂದರೆ ಫೋನಿನ ಪೆನ್ನಿನಿಂದ ತೆಳ್ಳಗೆ ಗೀಚುವುದಲ್ಲ, ಆ ಭಾಗವನ್ನೇ ಕತ್ತರಿಸಿ ತೆಗೆಯುವುದು. ತೆಳುವಾದ ಗೀಚಿನ ಕೆಳಗಿನ ಕೋಡನ್ನು ಬೆಳಕು ಹೆಚ್ಚಿಸಿ ಓದಲು ಬರುತ್ತದೆ.

ಕೊನೆಯದು ನಮ್ಮವರ ಬಳಗ. ಮಾತುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಡೊಂಬಿವಿಲಿ-ಠಾಣೆಗಳ ಕನ್ನಡ ಬಳಗಗಳು ಎಂದು ನಮ್ಮಲ್ಲಿ ಒಬ್ಬೊಬ್ಬರ ಫೋನಿನಲ್ಲೂ ನಾಲ್ಕಾರು ವಾಟ್ಸ್‌ಆ್ಯಪ್ ಗುಂಪುಗಳಿರುತ್ತವೆ. ಅಲ್ಲಿ ಬರೆದರೆ ಗಿರಾಕಿ ಸಿಗಲು ಒಂದು ದಿನ ಹೆಚ್ಚು ಹಿಡಿಯಬಹುದು, ಆದರೆ ಸಿಕ್ಕವರು ಯಾರ ಮಗಳು, ಎಲ್ಲಿ ಕೆಲಸ ಎಂಬುದು ಕೂಡಲೇ ಗೊತ್ತಾಗುತ್ತದೆ. ಇಲ್ಲಿನ ಅಪಾಯ ಬೇರೆ ತೆರನದು: ‘ಅಣ್ಣ, ಭಾನುವಾರ ಸಂಘದಲ್ಲಿ ಸಿಕ್ಕಾಗ ಕೊಡ್ತೇನೆ’ ಎಂದವರ ಭಾನುವಾರ ಬರುವುದೇ ಇಲ್ಲ, ಕೇಳಲು ನಮಗೆ ಬಾಯಿ ಬರುವುದಿಲ್ಲ. ಗುಂಪಿನಲ್ಲಿ ಬರೆಯುವಾಗಲೇ ‘ಹಣ ಜಮೆಯಾದ ಮೇಲೆ ಟಿಕೆಟ್ ವರ್ಗಾಯಿಸುತ್ತೇನೆ’ ಎಂದು ಹಾಕಿಬಿಟ್ಟರೆ ಯಾರಿಗೂ ಮುಜುಗರವಿಲ್ಲ.

ಹಣ ಬಂತು ಎಂದರೇನು

ಟಿಕೆಟ್ ಮಾರುವವರು ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಹಣ ಪಡೆಯುವ ಹೊತ್ತಿನಲ್ಲಿ. ಇನ್‌ಸ್ಟಾಗ್ರಾಂನಲ್ಲಿ ಸಿಕ್ಕ ಹುಡುಗನೊಬ್ಬನನ್ನು ನಾನು ಮಾತುಂಗ ನಿಲ್ದಾಣದ ಹತ್ತಿರದ ಉಡುಪಿ ಹೋಟೆಲಿಗೆ ಬರಹೇಳಿದ್ದೆ. ಬಂದವನು ಕಾಫಿ ಬರುವ ಮೊದಲೇ ಫೋನ್ ತಿರುಗಿಸಿ ಹಸಿರು ಗುರುತಿನ ಪರದೆ ತೋರಿಸಿದ: 7,000 ರೂಪಾಯಿ, ನನ್ನದೇ ಹೆಸರು, ದಿನಾಂಕ, ಸಮಯ ಎಲ್ಲವೂ ಸರಿ. ನನ್ನ ಬ್ಯಾಂಕಿನ ಆ್ಯಪ್ ತೆರೆದು ನೋಡಿದರೆ ಏನೂ ಬಂದಿರಲಿಲ್ಲ. ‘ಅಂಕಲ್, ಸರ್ವರ್ ಡೌನ್ ಇದೆ, ಅರ್ಧ ಗಂಟೆಯಲ್ಲಿ ಬರುತ್ತೆ, ನೀವು ಟಿಕೆಟ್ ಕಳಿಸಿಬಿಡಿ’ ಎಂದ. ಅವನು ಹಾಗೆ ಹೇಳುತ್ತಿದ್ದಾಗಲೇ ಗಲ್ಲಾದ ಪಕ್ಕದ ಸೌಂಡ್‌ಬಾಕ್ಸ್ ಒಂದಾದ ಮೇಲೊಂದು ಗಿರಾಕಿಗಳ ಇಡ್ಲಿ ಕಾಫಿಯ ಹಣ ಜಮೆಯಾದದ್ದನ್ನು ಹಿಂದಿಯಲ್ಲಿ ಸಾರುತ್ತಿತ್ತು. ಅವನ ಪರದೆಯಲ್ಲಿದ್ದ ವ್ಯವಹಾರದ ಸಂಖ್ಯೆಯನ್ನು ಬೆರಳಿಟ್ಟು ಎಣಿಸಿದೆ. ಯುಪಿಐ ಸಂಖ್ಯೆಯಲ್ಲಿ ಹನ್ನೆರಡು ಅಂಕಿ ಇರುತ್ತವೆ, ಅಲ್ಲಿದ್ದದ್ದು ಹನ್ನೊಂದು. ‘ಕಾಫಿ ಕುಡಿಯೋಣ, ಅಷ್ಟರಲ್ಲಿ ಬರಲಿ’ ಎಂದೆ. ಹೊರಗೆ ಗೆಳೆಯ ಕಾಯುತ್ತಿದ್ದಾನೆಂದು ಎದ್ದುಹೋದವನು ತಿರುಗಿ ಬರಲಿಲ್ಲ. ಎರಡೂ ಕಾಫಿಯ ಹಣ ನಾನೇ ಕೊಟ್ಟೆ.

ಪಾವತಿಯಾದಂತೆ ಪರದೆ ತೋರಿಸುವ ನಕಲಿ ಆ್ಯಪ್‌ಗಳು ಇರುವುದರಿಂದ ಗಿರಾಕಿಯ ಫೋನಿನಲ್ಲಿ ಕಾಣುವ ಯಾವುದೂ ಸಾಕ್ಷ್ಯವಲ್ಲ. ‘ನಿಮ್ಮ ಖಾತೆಗೆ ಜಮೆಯಾಗಿದೆ’ ಎಂಬ ಎಸ್‌ಎಂಎಸ್ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದೂ ಸುಳ್ಳು. ನಿಮ್ಮ ಬ್ಯಾಂಕ್ ಖಾತೆಯ ಬಾಕಿಯನ್ನು ನೀವೇ ತೆರೆದು ನೋಡಬೇಕು. ಹಣ ಪಡೆಯಲು ಪಿನ್ ಹಾಕಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಹಾಗೆ ಮಾಡಿಸುವವರು ನಿಮ್ಮಿಂದ ಹಣ ಕೀಳುವವರು. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್’ ಕೋರಿಕೆಗಳನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ ಮೇಲೆ ಒಂದು ಬಾಗಿಲು ಮುಚ್ಚಿತು, ಆದರೆ ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿಸುವ ತಂತ್ರ ಹಾಗೆಯೇ ಉಳಿದಿದೆ.

ಹಣ ನಿಜವಾಗಿ ಬಂದ ಮೇಲೂ ಒಂದು ತೊಡಕಿರಬಹುದು. ಇನ್ನೊಬ್ಬರಿಂದ ದೋಚಿದ ಹಣವನ್ನು ಮೋಸಗಾರರು ಹೀಗೆ ಸಣ್ಣ ಖರೀದಿಗಳಲ್ಲಿ ದಾಟಿಸುತ್ತಾರೆ. ದೂರು ದಾಖಲಾದಾಗ ಪೊಲೀಸರು ಹಣದ ಜಾಡು ಹಿಡಿದು ಬಂದು, ಟಿಕೆಟ್ ಮಾರಿದವರ ಖಾತೆಯಲ್ಲಿಯೂ ಆ ಮೊತ್ತವನ್ನು, ಕೆಲವೊಮ್ಮೆ ಖಾತೆಯನ್ನೇ, ತಡೆಹಿಡಿಯಬಹುದು. ಆದ್ದರಿಂದ ಗಿರಾಕಿಯ ಸ್ವಂತ ಖಾತೆಯಿಂದ, ಅವರು ಹೇಳಿದ ಹೆಸರಿನಿಂದಲೇ ಹಣ ಬರಬೇಕೆಂದು ಪಟ್ಟು ಹಿಡಿಯಿರಿ. ‘ತಪ್ಪಿ ಹೆಚ್ಚು ಕಳಿಸಿದೆ, ಉಳಿದದ್ದನ್ನು ಈ ನಂಬರಿಗೆ ಹಾಕಿ’ ಎಂದರೆ ಹಾಕಬೇಡಿ. ಬ್ಯಾಂಕಿನ ಮೂಲಕ ಸರಿಪಡಿಸಿಕೊಳ್ಳಲಿ. ಮೋಸವಾಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲಿಯೇ ತಡೆಯುವ ಅವಕಾಶ ಹೆಚ್ಚು.

ಬೆಲೆ ಮತ್ತು ಸಮಯ

ನನ್ನ ಎರಡು ಟಿಕೆಟ್‌ಗಳ ಮುಖಬೆಲೆ 7,000 ರೂಪಾಯಿ. ಕನ್ವೀನಿಯನ್ಸ್ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಸೇರಿ ನಾನು ಕೊಟ್ಟದ್ದು 7,620. ಆ 620ನ್ನೂ ಕೇಳಬಹುದೇ ಎಂದರೆ, ಬಿಲ್ಲು ತೋರಿಸಿ ಕೇಳುವುದರಲ್ಲಿ ತಪ್ಪಿಲ್ಲ. ನಾನು ಕೇಳಲಿಲ್ಲ, ಏಕೆಂದರೆ ಮುಖಬೆಲೆಗೆ ಸಿಗುತ್ತದೆ ಎಂಬ ಮಾತೊಂದೇ ಗಿರಾಕಿಯನ್ನು ಬೇಗ ತರುತ್ತದೆ, ಚೌಕಾಸಿ ಇರುವುದಿಲ್ಲ.

ಕಾದಷ್ಟೂ ಬೆಲೆ ಏರುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಆಯೋಜಕರು ಬೇಡಿಕೆ ನೋಡಿ ದಿನ ಸೇರಿಸುತ್ತಾರೆ, ತಡೆದಿಟ್ಟ ಆಸನಗಳನ್ನು ಬಿಡುತ್ತಾರೆ. ಕೋಲ್ಡ್‌ಪ್ಲೇಗೆ ಮಾರಾಟದ ದಿನವೇ 2025ರ ಜನವರಿ 18 ಮತ್ತು 19ರ ಜೊತೆಗೆ 21ನ್ನೂ ಸೇರಿಸಲಾಯಿತು, 2024ರ ನವೆಂಬರ್‌ನಲ್ಲಿ ತಲಾ 2,000 ರೂಪಾಯಿಯ ಇನ್ನಷ್ಟು ಟಿಕೆಟ್‌ಗಳು ಬಂದವು. ಕಾರ್ಯಕ್ರಮದ ಹಿಂದಿನ ಎರಡು ದಿನಗಳಲ್ಲಿ ನನ್ನಂತೆ ಹೋಗಲಾಗದವರೆಲ್ಲ ಒಟ್ಟಿಗೆ ಮಾರಲು ಬರುತ್ತಾರೆ. ಆದ್ದರಿಂದ ಹೋಗುವುದಿಲ್ಲವೆಂದು ಖಚಿತವಾದ ದಿನವೇ ಆ್ಯಪ್‌ನ ಮರುಮಾರಾಟಕ್ಕೆ ಹಾಕಿ. ಆ ಸೌಲಭ್ಯವಿಲ್ಲದಿದ್ದರೆ ಅಂದೇ ಬಳಗದ ಗುಂಪಿನಲ್ಲಿ ಬರೆಯಿರಿ. ಕೊನೆಯ ವಾರದವರೆಗೂ ಯಾರೂ ಬರದಿದ್ದರೆ ಮಾತ್ರ ಅಪರಿಚಿತರ ಕಡೆ ಹೋಗಿ, ಅದೂ ಹಣ ಮೊದಲು ಎಂಬ ಷರತ್ತಿನೊಂದಿಗೆ. ನಾನು ಇದನ್ನು ತಲೆಕೆಳಗಾಗಿ ಮಾಡಿ ಒಂದು ವಾರ ಕಳೆದುಕೊಂಡೆ.

ನನ್ನ ಟಿಕೆಟ್‌ಗಳು ಕೊನೆಗೆ ಹೋದದ್ದು ಡೊಂಬಿವಿಲಿಯ ಗುಂಪಿನ ಮೂಲಕ, ವಾಶಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸಿದ್ದಾಪುರ ಕಡೆಯ ಹುಡುಗಿಗೆ. ಬುಧವಾರ ರಾತ್ರಿ ಅವಳದೇ ಖಾತೆಯಿಂದ 7,000 ಜಮೆಯಾಯಿತು, ನಾನು ಟಿಕೆಟ್‌ಗಳನ್ನು ಅವಳ ನಂಬರಿಗೆ ವರ್ಗಾಯಿಸಿದೆ, ನನ್ನ ಆ್ಯಪ್‌ನಿಂದ ಅವು ಮಾಯವಾದವು. ಸಂದೇಶಗಳನ್ನೂ ವ್ಯವಹಾರದ ಸಂಖ್ಯೆಯನ್ನೂ ಕಾರ್ಯಕ್ರಮ ಮುಗಿಯುವವರೆಗೆ ಅಳಿಸದೆ ಇಟ್ಟುಕೊಂಡಿದ್ದೆ. ಶನಿವಾರ ಸಂಜೆ ಆರೂವರೆಗೆ, ಕುಂದಾಪುರದಲ್ಲಿ ತೊಟ್ಟಿಲ ಸುತ್ತ ಫೋಟೋ ತೆಗೆಯುತ್ತಿದ್ದಾಗ, ಅವಳ ಸಂದೇಶ ಬಂತು: ‘ಅಂಕಲ್, ಇಬ್ಬರೂ ಒಳಗೆ ಬಂದೆವು.’